ಹತ್ತಿ ಬಿಡಿಸೋಕೆ ಹೋದ ಮಕ್ಕಳು ವಾಪಸ್ ಬಂದಾಗ ನೀವೇನು ಮಾಡುತ್ತೀರಿ?

ಪ್ರಶ್ನೆ (ಶಹಾಪುರ ಕಡೆಯಿಂದ): ನಮ್ಮದು ಇಬ್ಬರೇ ಶಿಕ್ಷಕರಿರುವ ಸಣ್ಣ ಶಾಲೆ. ಹತ್ತಿ ಬಿಡಿಸುವ ಕಾಲ ಬಂದರೆ ಅರ್ಧ ಮಕ್ಕಳು ಹೊಲದಲ್ಲಿ. ಮೊನ್ನೆ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಹತ್ತು ದಿನ ಬಿಟ್ಟು ಬಂದಳು, ಒಳಗೆ ಬಾರದೆ ಬಾಗಿಲಲ್ಲೇ ನಿಂತಳು, ಬೆರಳ ತುದಿಯಲ್ಲೆಲ್ಲ ಹತ್ತಿಕಾಯಿ ಗೀರಿದ ಗಾಯ. ಎಲ್ಲಿ ಹೋಗಿದ್ದೆ ಅಂತ ಕೇಳೋಕೆ ನನಗೆ ಬಾಯೇ ಬರಲಿಲ್ಲ. ಜೊತೆಯ ಸರ್ ಮಾತ್ರ, ಸ್ವಲ್ಪ ಹೆದರಿಕೆ ಇರಲೇಬೇಕು ಅನ್ನುತ್ತಾರೆ. ನೀವೇನಂತೀರಿ?

ಉತ್ತರ (ಕಲಬುರಗಿ): ಅಕ್ಕೋರೆ, ಹೆದರಿಸಿದರೆ ಆ ಹುಡುಗಿ ನಾಳೆ ಬಾಗಿಲವರೆಗೂ ಬರೋದಿಲ್ಲ. ಹೊಡೆಯೋದು, ಮನಸ್ಸಿಗೆ ನೋವು ಮಾಡೋದು ಎರಡೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್‌ನಲ್ಲೇ ನಿಷೇಧ. ಒಂದರಿಂದ ಮೂರನೇ ತರಗತಿಯವರೆಗಿನ ಕಾರ್ಡು ಪದ್ಧತಿ ನಲಿ-ಕಲಿಯಲ್ಲಿ ಮಗು ಎಲ್ಲಿ ಬಿಟ್ಟಿತ್ತೋ ಆ ಕಾರ್ಡಿನಿಂದಲೇ ಮುಂದುವರಿಯುತ್ತದೆ ಅಲ್ವಾ, ನಾನು ಅದನ್ನೇ ನಾಲ್ಕು-ಐದನೇ ತರಗತಿಗೂ ಮಾಡುತ್ತೇನೆ. ಪ್ರತಿ ಮಗುವಿಗೂ ಒಂದು ಹಾಳೆ, ಕಲಿತ ಕೊನೆಯ ಪಾಠ ಅದರಲ್ಲಿ. ತೊಗರಿ ರಾಶಿ ಮುಗಿಸಿ ಬಂದ ಹುಡುಗ ನೇರವಾಗಿ ತನ್ನ ಹಾಳೆ ಹುಡುಕುತ್ತಾನೆ.

ಉತ್ತರ (ಬೀದರ್, ಔರಾದ್ ಕಡೆ): ನಮ್ಮಲ್ಲಿ ಮಕ್ಕಳ ಮನೆಮಾತು ಮರಾಠಿ, ಉರ್ದು, ಲಂಬಾಣಿ. ಮೊದಲ ವಾರ ಅವರ ಮಾತಲ್ಲೇ ಊಟ ಆಯ್ತಾ ಅಂತ ಕೇಳಿ ನೋಡಿ. ಆಮೇಲೆ ಕನ್ನಡ ತಾನಾಗಿ ಬರುತ್ತದೆ.

ಪ್ರಶ್ನೆ ಕೇಳಿದವರು: ಇವತ್ತು ಅವಳ ಕೈಗೆ ಮುಲಾಮು ಹಚ್ಚಿ, ಒಂದು ಕಿಲೋ ಹತ್ತಿಗೆ ಎಷ್ಟು ಕೊಡುತ್ತಾರೆ ಅಂತ ಕೇಳಿದೆ. ಗುಣಾಕಾರ ಅವಳೇ ಬೋರ್ಡ್ ಮೇಲೆ ಮಾಡಿದಳು. ಹಾಳೆ ನಾಳೆಯಿಂದ ಶುರು ಮಾಡುತ್ತೇನೆ.