ಅಂಗಾತ ಮಲಗುವವರಿಗೆ ಸಾಕಷ್ಟು ಮೆತ್ತಗಿರುವ ಮೆಮೊರಿ ಫೋಮ್ ಹಾಸಿಗೆ: ಏನು ನೋಡಿ ಕೊಳ್ಳಬೇಕು?

ಠಾಕುರ್ಲಿ_ಪೂರ್ವ:

ತೂಕ 58 ಕೆ.ಜಿ., ಎತ್ತರ 5 ಅಡಿ 4 ಇಂಚು, ಮಲಗುವುದು ಅಂಗಾತ. ಈಗಿರುವುದು 78×60 ಅಳತೆಯ, 6 ಇಂಚು ದಪ್ಪದ ‘ಆರ್ಥೋ ಮೆಮೊರಿ’ ಹಾಸಿಗೆ. ಮಂಚ ಪ್ಲೈವುಡ್ ಹೊದಿಸಿದ ಬಾಕ್ಸ್. ಬೆಳಗ್ಗೆ ಏಳುವಾಗ ಪೃಷ್ಠದ ಮೂಳೆ, ಹಿಮ್ಮಡಿ ಎರಡೂ ಒತ್ತಿ ನೋಯುತ್ತವೆ. ರಾತ್ರಿ ಎಸಿ 20–21ರಲ್ಲಿ ಇರುತ್ತದೆ. ಅಂಗಡಿಗೆ ಹೋದರೆ ‘ಬೆನ್ನಿಗೆ ಗಟ್ಟಿಯೇ ಒಳ್ಳೆಯದು’ ಎಂದು ಇನ್ನೂ ಗಟ್ಟಿಯದನ್ನೇ ತೋರಿಸುತ್ತಾರೆ. ಕಡಿಮೆ ಡೆನ್ಸಿಟಿಯದು ಕೊಂಡರೆ ಮೆತ್ತಗಿರುತ್ತದೆಯೇ? ಹೊಸ ಹಾಸಿಗೆಯೇ ಬೇಕೋ, ಮೇಲೊಂದು ಟಾಪರ್ (ಹಾಸಿಗೆಯ ಮೇಲೆ ಹಾಸುವ ತೆಳು ಫೋಮ್ ಪದರ) ಹಾಕಿದರೆ ಸಾಕೋ? ಕಟ್ಟಡದ ಲಿಫ್ಟ್ ಚಿಕ್ಕದು, ಅದನ್ನೂ ನೆನಪಿನಲ್ಲಿಟ್ಟು ಹೇಳಿ.

ಮಾಟುಂಗಾ_ಮಂಚ:

ಮೊದಲು ಒಂದು ಪರೀಕ್ಷೆ ಮಾಡಿ ಮಾರಾಯ್ರೆ. ಅಂಗಾತ ಮಲಗಿ ಹತ್ತು ನಿಮಿಷ ಬಿಟ್ಟು, ಅಂಗೈ ಚಪ್ಪಟೆ ಮಾಡಿ ಸೊಂಟದ ಕೆಳಗೆ ತೂರಿಸಿ. ಕೈ ಸರಾಗವಾಗಿ ಆಚೆ ಹೋದರೆ ಹಾಸಿಗೆ ನಿಮಗೆ ಗಟ್ಟಿ. ತುಸು ಒತ್ತಿಕೊಂಡು ಹೋದರೆ ಸರಿಯಿದೆ. ಕೈ ಹೋಗುವುದೇ ಇಲ್ಲ, ಬೆನ್ನು ಬಾಗಿದಂತಿದೆ ಎಂದರೆ ಪೃಷ್ಠ ಅತಿಯಾಗಿ ಇಳಿದಿದೆ, ಅದು ಅತಿ ಮೆತ್ತಗೆ. ಹತ್ತು ನಿಮಿಷ ಯಾಕೆಂದರೆ ಮೈಬಿಸಿ ತಾಗಿದ ಮೇಲೆಯೇ ಈ ಫೋಮ್ ಸಡಿಲವಾಗುವುದು. ಶೋರೂಮಿನಲ್ಲಿ ಕೈಯಿಂದ ಒತ್ತಿ, ಅಂಚಿನಲ್ಲಿ ಕೂತು ಎದ್ದು ಬರುವವರು ಪರೀಕ್ಷಿಸುವುದು ಅಂಚನ್ನು ಮಾತ್ರ. ತುರ್ಭೆಯ ಐಕಿಯಾದಂಥ ಕಡೆ ಆರಾಮಾಗಿ ಮಲಗಿ ನೋಡಬಹುದು, ಯಾರೂ ಏಳಿಸುವುದಿಲ್ಲ. ಕೊಳ್ಳುವುದು ಬಿಡುವುದು ಆಮೇಲಿನ ಮಾತು.

ಡೆನ್ಸಿಟಿ ಬೇರೆ, ಮೆತ್ತಗಿರುವುದು ಬೇರೆ. ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆ.ಜಿ. ತೂಗುತ್ತದೆ ಎಂಬುದಷ್ಟೇ. ಅದರಿಂದ ತಿಳಿಯುವುದು ಬಾಳಿಕೆ. ಮೆತ್ತಗಿದೆಯೋ ಗಟ್ಟಿಯೋ ಎಂಬುದನ್ನು ಹೇಳುವ ಅಳತೆ ಐಎಫ್‌ಡಿ: ಫೋಮಿನ ದಪ್ಪದ ಕಾಲುಭಾಗ ತಗ್ಗಿಸಲು ಎಷ್ಟು ಬಲ ಬೇಕು ಎಂಬ ಲೆಕ್ಕ. ನಮ್ಮ ಅಂಗಡಿಗಳಲ್ಲಿ ಆ ಸಂಖ್ಯೆ ಕೇಳಿದರೆ ಮುಖ ಮುಖ ನೋಡುತ್ತಾರೆ, ಆದರೂ ಕೇಳಿ. ಕಡಿಮೆ ಡೆನ್ಸಿಟಿಯ ಮೆಮೊರಿ ಫೋಮ್ ಮೊದಲ ದಿನ ಮೆತ್ತಗೆನಿಸಬಹುದು, ಆದರೆ ಮಲಗುವ ಜಾಗದಲ್ಲಿ ಬೇಗ ಗುಂಡಿ ಬೀಳುತ್ತದೆ. 50ರ ಆಸುಪಾಸಿನದು ತೆಗೆದುಕೊಳ್ಳಿ.

‘ಆರ್ಥೋ’ ಎಂದು ಬರೆದ 6 ಇಂಚಿನವುಗಳಲ್ಲಿ ಅನೇಕಕ್ಕೆ ಮೇಲೆ ಒಂದೇ ಇಂಚು ಮೆಮೊರಿ ಫೋಮ್, ಕೆಳಗೆಲ್ಲ ರೀಬಾಂಡೆಡ್. ಫೋಮಿನ ಚೂರುಗಳಿಗೆ ಅಂಟು ಹಾಕಿ ಒತ್ತಿ ಮಾಡಿದ ದಿಮ್ಮಿ ಅದು. ಆ ಒಂದಿಂಚು ತಗ್ಗಿದ ಕೂಡಲೇ ಮೂಳೆ ದಿಮ್ಮಿಗೆ ತಾಗುತ್ತದೆ. ‘ಆರ್ಥೋಪೆಡಿಕ್’ ಎಂಬುದು ಮಾರಾಟದ ಪದ, ವೈದ್ಯರು ಕೊಟ್ಟ ಸರ್ಟಿಫಿಕೇಟ್ ಅಲ್ಲ. ಗಟ್ಟಿಯೇ ಒಳ್ಳೆಯದು ಎನ್ನುವ ಅಂಗಡಿಯವರಿಗೆ 2003ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಬಂದ ಅಧ್ಯಯನ ನೆನಪಿಸಿ: ಸ್ಪೇನಿನಲ್ಲಿ ಬಹುಕಾಲದ ಸೊಂಟನೋವಿದ್ದ 313 ಜನರನ್ನು 90 ದಿನ ನೋಡಿದಾಗ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದೇ ಮೇಲಾಗಿತ್ತು.

ಹಾಗಂತ ಅಡಿಯಿಂದ ಮುಡಿಯವರೆಗೆ ಮೆತ್ತಗಿದ್ದರೂ ಕಷ್ಟ. ಅಂಗಾತ ಮಲಗಿದಾಗ ಹೆಚ್ಚು ಭಾರ ಬೀಳುವುದು ಪೃಷ್ಠದ ಜಾಗದಲ್ಲಿ. ತಳ ಸಡಿಲವಿದ್ದರೆ ಮೈ ಜೋಲಿಯಲ್ಲಿ ಮಲಗಿಸಿದ ಮಗುವಿನ ಹಾಗೆ ಬಾಗುತ್ತದೆ. ನಿಮ್ಮ ತೂಕಕ್ಕೆ ಹೊಂದುವುದು ಹೀಗೆ: ತಳಕ್ಕೆ 4 ಇಂಚು ಎಚ್‌ಆರ್ ಫೋಮ್ (ಹೈ ರೆಸಿಲಿಯನ್ಸ್, ಒತ್ತಿ ಬಿಟ್ಟರೆ ತಕ್ಷಣ ಪುಟಿಯುವಂಥದ್ದು), 40 ಡೆನ್ಸಿಟಿ, ನಡುವೆ 1 ಇಂಚು ಮೆತ್ತಗಿನ ಎಚ್‌ಆರ್, 32 ಡೆನ್ಸಿಟಿ, ಮೇಲೆ 2 ಇಂಚು ಮೆಮೊರಿ. ಮೇಲೆ 3 ಇಂಚು ಬೇಡ, ಮಗ್ಗುಲು ಬದಲಿಸುವಾಗ ಕೆಸರಲ್ಲಿ ಸಿಕ್ಕಿದಂತಾಗುತ್ತದೆ, ಸೆಕೆಯೂ ಜಾಸ್ತಿ. 85 ಕೆ.ಜಿ. ದಾಟಿದವರು ಈ ಲೆಕ್ಕ ಅನುಸರಿಸಬೇಡಿ, ಅವರಿಗೆ ನಡುಪದರವೂ ಗಟ್ಟಿ ಬೇಕು.

ಕಾಲಿಗೆ ಜೋಮು ಇಳಿಯುತ್ತಿದ್ದರೆ ಇದೆಲ್ಲ ಬಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ.

ಕೋಥ್ರೂಡ್_ಕೌದಿ:

ಮಾಟುಂಗಾದವರು ಹೇಳಿದ್ದು ಖರೆ, ಆದರ ಎಸಿ ವಿಷಯ ಬಿಟ್ಟಬಿಟ್ಟರು. 20ಕ್ಕ ಎಸಿ ಇಟ್ಟು ಹಾಸಿಗಿ ಗಟ್ಟಿ ಅಂದ್ರ ಹೆಂಗ್ರಿ? ಮೆಮೊರಿ ಫೋಮ್ ಥಂಡಿಗೆ ಬಿಗೀತದ, ಬಿಸಿಗೆ ಸಡಲಾಗ್ತದ, ಅದರ ಗುಣಾನ ಅದು. ಪುಣೆದಾಗ ಡಿಸೆಂಬರ್ ರಾತ್ರಿ 10–12 ಡಿಗ್ರಿಗೆ ಇಳಿದಾಗ, ಮೇ ತಿಂಗಳದಾಗ ಮೆತ್ತಗಿದ್ದ ಹಾಸಿಗೀನ ಹಲಗಿ ಆಗಿರ್ತದ. ಮುಂಬಯಿಗೆ ಅಷ್ಟು ಥಂಡಿ ಇಲ್ಲ, ಆ ಕೆಲಸ ನಿಮ್ಮ ಎಸಿ ಮಾಡ್ಲಿಕ್ಕತ್ತದ. ರೊಕ್ಕ ಖರ್ಚು ಮಾಡೋಕಿಂತ ಮೊದಲು ನಾಲ್ಕು ರಾತ್ರಿ 25ಕ್ಕ ಇಟ್ಟು ಫ್ಯಾನ್ ಹಚ್ಚಿ ಮಲಗಿ ನೋಡ್ರಿ.

ಇನ್ನೊಂದು, ಹಾಸಿಗಿ ಮ್ಯಾಲ ಏನು ಹಾಸೀರಿ? ನಮ್ಮ ಕಡೆ ಮಂದಿ ಹೊಸ ಮ್ಯಾಟ್ರೆಸ್ ಹೊಲಸಾಗಬಾರದು ಅಂತ ಅದರ ಮ್ಯಾಲ ಕೌದಿ, ಕೌದಿ ಮ್ಯಾಲ ಚಾದರ ಹಾಸ್ತಾರ. ಅಷ್ಟು ದಪ್ಪ ಇದ್ದರ ಮೈಬಿಸಿ ಫೋಮಿಗೆ ಮುಟ್ಟೂದ ಇಲ್ಲ. ಪ್ಲಾಸ್ಟಿಕ್ ಬೆನ್ನಿನ ದಪ್ಪ ವಾಟರ್‌ಪ್ರೂಫ್ ಕವರೂ ಹಂಗ, ಡೋಲಿನ ಚರ್ಮದ್ಹಂಗ ಬಿಗಿದು ನಿಂತು ಮೈ ಒಳಗ ಇಳೀಲಿಕ್ಕೆ ಬಿಡೂದಿಲ್ಲ. ಎಳೆದರ ಹಿಗ್ಗುವ ನಿಟ್ ಬಟ್ಟಿ, ಅಡಿಗೆ ತೆಳ್ಳನ ಟಿಪಿಯು (ನೀರು ತಡಿಯೋ, ಹಿಗ್ಗುವ ಪ್ಲಾಸ್ಟಿಕ್) ಪದರ, ಇಂಥಾ ಪ್ರೊಟೆಕ್ಟರ್ ತಗೋರಿ. ಕೌದಿ ಹೊದೀಲಿಕ್ಕೆ ಇರಲಿ.

ಫೋಮ್ ಅಸಲಿ ಹೌದೋ ಅಲ್ಲೋ ನೋಡ್ಲಿಕ್ಕೆ ಅಂಗಡಿಯಿಂದ ಒಂದು ತುಂಡು ಕೇಳಿ ತಂದು, ಅರ್ಧ ತಾಸು ಫ್ರಿಜ್‌ನಾಗ ಇಡ್ರಿ. ಅಸಲಿ ಇದ್ದರ ಬಿಗಿದು ಕೂಡ್ತದ, ಒತ್ತಿದರ ಕೈ ಗುರ್ತು ಸಾವಕಾಶ ಮಾಯ ಆಗ್ತದ. ಮೆಮೊರಿ ಅಂತ ಹೇಳಿ ಮಾರೋ ಸಾದಾ ಫೋಮ್ ಫ್ರಿಜ್‌ನಾಗಿಂದ ತಗದರೂ ಪಟ್ಟನ ಎದ್ದು ನಿಲ್ತದ.

ವಾಸ್ಕೋ_ತೇವ:

ಬಾಕ್ಸ್ ಮಂಚ ಎಂದಿದ್ದೀರಿ, ಹಾಗಾಗಿ ಇದು. ಕೊಂಕಣ ತೀರದ ಮಳೆಗಾಲದಲ್ಲಿ ಮೈಬೆವರು ಫೋಮಿನ ಮೂಲಕ ಕೆಳಗಿಳಿದು ಪ್ಲೈವುಡ್ ಮೇಲೆ ನಿಲ್ಲುತ್ತದೆ, ಹಾಸಿಗೆಯಡಿ ಕಪ್ಪು ಬೂಷ್ಟು ಬರುತ್ತದೆ. ಪ್ಲೈಗೆ ಒಂದಿಂಚು ಅಗಲದ ತೂತುಗಳನ್ನು 6–8 ಇಂಚು ಅಂತರದಲ್ಲಿ ಕೊರೆಸಿ. ಕಟ್ಟಿಗೆಯ ಆಧಾರಪಟ್ಟಿ ಇರುವಲ್ಲಿ ಮಾತ್ರ ಬೇಡ. ವಾರಕ್ಕೊಮ್ಮೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ಫ್ಯಾನ್ ಗಾಳಿ ಕೊಡಿ. ಹತ್ತಿ ಗಾದಿಯಂತೆ ತಾರಸಿಯ ಬಿಸಿಲಿಗೆ ಹಾಕಿದರೆ ಕೆಟ್ಟಿತು, ಫೋಮ್ ಹಳದಿಯಾಗಿ ಪುಡಿಯಾಗುತ್ತದೆ.

ಮೆಮೊರಿಯೇ ಬೇಕೆಂಬ ಹಟ ಇಲ್ಲದಿದ್ದರೆ ಮೆತ್ತಗಿನ ಲೇಟೆಕ್ಸ್ ಪದರವನ್ನೂ ನೋಡಿ. ಎಸಿ ಹಾಕಿದರೂ ಅದು ಬಿಗಿಯುವುದಿಲ್ಲ. ಭಾರ ಮಾತ್ರ ಹೆಚ್ಚು, ಒಬ್ಬರೇ ಎತ್ತಿ ಒರಗಿಸಲಾಗದು. ‘ಜೆಲ್’ ಬೆರೆಸಿದ ಮೆಮೊರಿಗೆ ಹೆಚ್ಚು ದುಡ್ಡು ಕೊಡಬೇಡಿ. ಅದರ ತಂಪು ಮಲಗಿದ ಮೇಲೆ ಸ್ವಲ್ಪ ಹೊತ್ತು ಮಾತ್ರ.

ಠಾಕುರ್ಲಿ_ಪೂರ್ವ:

ಕೈ ಸರಾಗವಾಗಿ ಆಚೆ ಹೋಗುತ್ತದೆ. ಎಸಿ 25ಕ್ಕೆ ಇಟ್ಟರೆ ಹಿಮ್ಮಡಿ ನೋವು ಕಡಿಮೆ, ಪೃಷ್ಠದ್ದು ಹಾಗೇ ಇದೆ. ಮೇಲೆ ಹಾಸಿದ್ದು ಬೆಡ್‌ಶೀಟ್ ಮಾತ್ರ. ಹಾಸಿಗೆಯಲ್ಲಿ ಗುಂಡಿ ಬಿದ್ದಿಲ್ಲ. ಉಲ್ಲಾಸನಗರದಲ್ಲಿ ‘50 ಡೆನ್ಸಿಟಿ’ ಎಂದು 2 ಇಂಚಿನ ಟಾಪರ್ ಕತ್ತರಿಸಿ ಕೊಡುತ್ತಾರಂತೆ. ಅದು 50ರದ್ದೇ ಎಂದು ತಿಳಿಯುವುದು ಹೇಗೆ?

ಮಾಟುಂಗಾ_ಮಂಚ:

ತಕ್ಕಡಿಯಲ್ಲಿಟ್ಟು. 78×60×2 ಇಂಚು ಎಂದರೆ ಸುಮಾರು 0.153 ಘನ ಮೀಟರ್. ಕವರ್ ಇಲ್ಲದ ಬರೀ ಫೋಮ್ 7.6 ಕೆ.ಜಿ. ಹತ್ತಿರ ತೂಗಿದರೆ 50. ಆರು ಚಿಲ್ಲರೆ ಬಂದರೆ 40. ನಾಲ್ಕೂವರೆ ಬಂದರೆ 30ರದ್ದು, ಅಲ್ಲೇ ಬಿಟ್ಟು ಬನ್ನಿ. ಬಿಲ್ಲಿನಲ್ಲಿ ಡೆನ್ಸಿಟಿ, ದಪ್ಪ ಎರಡನ್ನೂ ಬರೆಸಿ.

ಗುಂಡಿ ಬೀಳದ ಗಟ್ಟಿ ಹಾಸಿಗೆ ಟಾಪರಿಗೆ ಒಳ್ಳೆಯ ತಳ, ಆದ್ದರಿಂದ ಹೊಸ ಹಾಸಿಗೆಯ ಖರ್ಚು ಈಗಲೇ ಬೇಡ. ಗುಂಡಿ ಬಿದ್ದಿದ್ದರೆ ಈ ಮಾತು ಹೇಳುತ್ತಿರಲಿಲ್ಲ, ಟಾಪರ್ ಕೂಡ ಅದೇ ಗುಂಡಿಗೆ ಇಳಿಯುತ್ತದೆ. ಟಾಪರನ್ನು ಸುತ್ತಿ ಹಗ್ಗ ಕಟ್ಟಿದರೆ ನಿಮ್ಮ ಲಿಫ್ಟಿನಲ್ಲಿ ನಿಲ್ಲಿಸಿ ತರಬಹುದು. ಮನೆಗೆ ಬಂದ ಮೇಲೆ ಬಿಚ್ಚಿ ಎರಡು ದಿನ ಕಿಟಕಿ ತೆರೆದ ಕೋಣೆಯಲ್ಲಿ ಹರಡಿ, ಆ ರಾಸಾಯನಿಕ ವಾಸನೆ ಹೋಗಲಿ. ಹಾಸಿಗೆಗೆ ಅಂಟಿಸಬೇಡಿ, ನಾಲ್ಕು ಮೂಲೆಗೆ ಇಲಾಸ್ಟಿಕ್ ಪಟ್ಟಿ ಇರುವ ನಿಟ್ ಕವರ್ ಹೊಲಿಸಿದರೆ ಜಾರುವುದಿಲ್ಲ, ಮಳೆಗಾಲದಲ್ಲಿ ಬೇರೆಯಾಗಿ ಎತ್ತಿ ಆರಿಸಲೂಬಹುದು.

ದಿಂಬು ಮರೆಯಬೇಡಿ. ಟಾಪರ್ ಹಾಕಿದ ಮೇಲೆ ಭುಜ, ಬೆನ್ನು ಮೊದಲಿಗಿಂತ ಕೆಳಗಿಳಿಯುತ್ತವೆ, ಹಳೆಯ ದಿಂಬು ಈಗ ಎತ್ತರವಾಗಿ ಗದ್ದ ಎದೆಗೆ ಬಾಗುತ್ತದೆ. ತಲೆ ಇಟ್ಟಾಗ 3 ಇಂಚಿನಷ್ಟು ಉಳಿಯುವ ದಿಂಬು ನೋಡಿ. ಮೂರು ವಾರ ಮಲಗಿ ಮತ್ತೆ ಕೈ ಪರೀಕ್ಷೆ ಮಾಡಿ. ಆಗಲೂ ಸರಾಗವಾಗಿ ಹೋದರೆ ತಪ್ಪು ತಳದ್ದು. ಆಗ ಹೊಸ ಹಾಸಿಗೆಗೆ ಮೇಲಿನ 4+1 ಲೆಕ್ಕ ಹಿಡಿದು, ಇದೇ ಟಾಪರನ್ನು ಅದರ ಮೇಲೆ ಹಾಕಿ.