ಸಹಾಯ ಬೇಕು: ಸ್ಟುಟ್‌ಗಾರ್ಟ್ ಮ್ಯೂಸಿಯಂ ಚೀಟಿ ಯಾವ ಹಾಳೆಗೆ ಸೇರಬೇಕು?

ಎಲ್ಲರಿಗೂ ನಮಸ್ಕಾರ. ವಾಸ್ತುಶಿಲ್ಪದ ಅಂಚೆಚೀಟಿಗಳನ್ನು ಪ್ರದರ್ಶನಕ್ಕೆ ಜೋಡಿಸುತ್ತಿದ್ದು, ಒಂದು ಚೀಟಿಯ ಬಳಿ ಕೆಲಸ ನಿಂತುಹೋಗಿದೆ. ‘ಯುರೋಪಿನಲ್ಲಿ ಬ್ರಿಟಿಷ್ ವಾಸ್ತುಶಿಲ್ಪಿಗಳು’ ಎಂಬ ವಿಷಯದ ಮೇಲೆ ಬ್ರಿಟನ್ 1987ರ ಮೇ 12ರಂದು ಹೊರತಂದ ನಾಲ್ಕು ಚೀಟಿಗಳಲ್ಲಿ ಅದು 31 ಪೆನ್ಸ್‌ನದು. ಜೇಮ್ಸ್ ಸ್ಟರ್ಲಿಂಗ್ ಮತ್ತು ಮೈಕೆಲ್ ವಿಲ್ಫೋರ್ಡ್ ವಿನ್ಯಾಸಗೊಳಿಸಿ 1984ರಲ್ಲಿ ತೆರೆದ, ಜರ್ಮನಿಯ ಸ್ಟುಟ್‌ಗಾರ್ಟ್‌ನ ಕಲಾ ಮ್ಯೂಸಿಯಂ ಸ್ಟಾಟ್ಸ್‌ಗ್ಯಾಲರಿಯ ಹೊಸ ಕಟ್ಟಡ ಅದರ ವಿಷಯ.

ಇದೇ ಸರಣಿಯ 22 ಪೆನ್ಸ್ ಚೀಟಿಯಲ್ಲಿ ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರವಿರುವುದರಿಂದ, ಮೊದಲು ಎರಡನ್ನೂ ಮ್ಯೂಸಿಯಂ ಹಾಳೆಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದೆ. ಹೊಂದಲಿಲ್ಲ. ಪಾಂಪಿಡೂ ತನ್ನ ಕೊಳವೆಗಳನ್ನೆಲ್ಲ ಹೊರಗೆ ತೋರಿಸುವ ಕಟ್ಟಡ. ಸ್ಟುಟ್‌ಗಾರ್ಟ್‌ನದಾದರೋ ಮರಳುಗಲ್ಲು ಹಾಗೂ ಟ್ರಾವರ್ಟೈನ್ ಎಂಬ ಸುಣ್ಣಕಲ್ಲಿನ ಪಟ್ಟೆಗಳ ಗೋಡೆ, ಸೂರಿಲ್ಲದ ದುಂಡನೆಯ ಅಂಗಳ, ಗುಲಾಬಿ ಮತ್ತು ನೀಲಿ ಬಣ್ಣದ ದಪ್ಪ ಕಂಬಿಗಳಿಂದ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಬೆಸೆಯುತ್ತದೆ. ಕಾರು ನಿಲ್ಲಿಸುವ ಜಾಗದ ಗೋಡೆಯಿಂದ ಕಲ್ಲುಗಳು ಹುಲ್ಲಿನ ಮೇಲೆ ಉದುರಿದಂತೆ ಬೇಕೆಂದೇ ಇಟ್ಟಿರುವುದು ನನಗಂತೂ ಬಹಳ ಇಷ್ಟ.

ಹೀಗೆ ಹಳೆಯದನ್ನೂ ಹೊಸದನ್ನೂ ಬೆರೆಸುವ ಆಧುನಿಕೋತ್ತರ (ಪೋಸ್ಟ್‌ಮಾಡರ್ನ್) ಶೈಲಿಗೇ ಪ್ರತ್ಯೇಕ ಹಾಳೆ ಮಾಡಿ ಈ ಚೀಟಿಯನ್ನು ಅಲ್ಲಿಟ್ಟರೆ ಸರಣಿ ಒಡೆಯುತ್ತದೆ. ಕೇಳಿದ ಹಿರಿಯ ಸಂಗ್ರಾಹಕರಲ್ಲೂ ಒಮ್ಮತವಿಲ್ಲ.

ವಿಷಯಾಧಾರಿತ ಪ್ರದರ್ಶನದಲ್ಲಿ ಭಾಗವಹಿಸಿದವರು ದಯವಿಟ್ಟು ತಿಳಿಸಿ: ನಾಲ್ಕನ್ನೂ ಒಟ್ಟಿಗೆ ಇಡಬೇಕೇ, ಅಥವಾ ಈ ಒಂದನ್ನು ಬೇರ್ಪಡಿಸಿ ಶೈಲಿಯ ಹಾಳೆಗೆ ಸೇರಿಸಿದರೆ ತೀರ್ಪುಗಾರರು ಒಪ್ಪುತ್ತಾರೆಯೇ?