ಪದಚರ್ಚೆ: ‘ಇನ್‌ಸ್ಟಾಲ್’ಗೆ ‘ಹೂಡು’, ಡೇಟಾಬೇಸ್ ಸರ್ವರ್‌ಗೆ ‘ಉಗ್ರಾಣಿ’ – ನಡೆಯುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾಕ್ಕೆ ಬಂದ ಮಕ್ಕಳಿಗೆ ಲಿನಕ್ಸ್ (ಕಂಪ್ಯೂಟರ್ ನಡೆಸುವ ಒಂದು ಕಾರ್ಯಾಚರಣೆ ವ್ಯವಸ್ಥೆ) ಪಾಠ ಮಾಡುತ್ತೇನೆ. ಯಂತ್ರದ ಮೇಲೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸರ್ವರ್ (ಮಾಹಿತಿ ಕೂಡಿಟ್ಟು, ಕೇಳಿದವರಿಗೆ ತೆಗೆದುಕೊಡುವ ಪ್ರೋಗ್ರಾಮು) ಹಾಕುವುದು ಹೇಗೆ ಎಂದು ಅವರಿಗಾಗಿ ಕನ್ನಡದಲ್ಲೇ ಒಂದು ಟಿಪ್ಪಣಿ ಬರೆದಿದ್ದೆ. ಅದರಲ್ಲಿ ‘ಇನ್‌ಸ್ಟಾಲ್’ ಬಂದ ಕಡೆಯೆಲ್ಲ ‘ಅನುಸ್ಥಾಪನೆ’ ಎಂದು ಹಾಕಿದ್ದೆ. ಲಿನಕ್ಸ್‌ನ ಕನ್ನಡ ಅನುವಾದಗಳಲ್ಲಿ ಬಹಳ ವರ್ಷಗಳಿಂದ ಇರುವ ಪದ ಅದು, ಯೋಚಿಸದೆ ಎತ್ತಿಕೊಂಡೆ. ಈಗ ಆ ಟಿಪ್ಪಣಿ ತಿದ್ದಲು ಕೂತಿದ್ದೇನೆ. ಯಾಕೆಂದು ಹೇಳುತ್ತೇನೆ.

ಲ್ಯಾಬಿನಲ್ಲಿ ಕೆಲವು ಯಂತ್ರಗಳಲ್ಲಿ ಡೆಬಿಯನ್ ಇದೆ, ಕೆಲವುದರಲ್ಲಿ ಫೆಡೋರಾ; ಎರಡೂ ಲಿನಕ್ಸ್‌ನ ಬಗೆಗಳೇ. ಫೆಡೋರಾ ಮುಂದೆ ಕೂತಿದ್ದ ಒಬ್ಬ ಹುಡುಗಿ ಟಿಪ್ಪಣಿ ನೋಡಿಕೊಂಡು, ಅಲ್ಲಿ ಪ್ಯಾಕೇಜು (ಪ್ರೋಗ್ರಾಮಿನ ಕಡತಗಳ ಕಟ್ಟು) ತರಿಸುವ ಡಿಎನ್‌ಎಫ್ ಆಜ್ಞೆ ಕೊಟ್ಟಳು. ಪ್ಯಾಕೇಜು ಇಳಿಯಿತು. ನೋಟ್‌ಬುಕ್ಕಿನಲ್ಲಿ ‘ಅನುಸ್ಥಾಪನೆ ಪೂರ್ಣಗೊಂಡಿದೆ’ ಎಂದು ಬರೆದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದಳು. ಆಮೇಲೆ ಸರ್ವರಿನ ಜೊತೆ ಮಾತಾಡಲು ಬಳಸುವ ಪಿಎಸ್‌ಕ್ಯುಎಲ್ ಆಜ್ಞೆ ಒತ್ತಿದರೆ ಸಂಪರ್ಕ ಸಿಗಲಿಲ್ಲ. ಅಂಥ ಕಡತವೇ ಇಲ್ಲ, ಸರ್ವರ್ ನಡೆಯುತ್ತಿದೆಯೇ ಎಂಬ ಸಂದೇಶ ಬಂತು. ಅವಳು ನನ್ನನ್ನು ಕರೆದು, “ಸರ್, ಅನುಸ್ಥಾಪನೆ ಆಗಿದೆ. ಆದ್ರೆ ಸರ್ವರ್ ನಡೀತಿದ್ಯಾ ಅಂತ ಅದೇ ನನ್ನನ್ನ ಕೇಳ್ತಿದೆ” ಅಂದಳು.

ಅವಳ ಪಕ್ಕದ ಡೆಬಿಯನ್ ಯಂತ್ರದಲ್ಲಿ ಅಲ್ಲಿನ ಒಂದೇ ಆಜ್ಞೆಗೆ ಎಲ್ಲ ಆಗಿತ್ತು. ಡೆಬಿಯನ್‌ನಲ್ಲಿ ಪ್ಯಾಕೇಜು ಇಳಿದ ಕೂಡಲೇ ಮಾಹಿತಿ ಇಡುವ ಡೈರೆಕ್ಟರಿ ತಯಾರಾಗುತ್ತದೆ, ಸರ್ವರ್ ತಾನಾಗಿ ಶುರುವಾಗುತ್ತದೆ. ಫೆಡೋರಾದಲ್ಲಿ ಹಾಗಲ್ಲ. ಪ್ಯಾಕೇಜು ಬರುತ್ತದೆ, ಅಷ್ಟೇ. ಡೈರೆಕ್ಟರಿ ಅಣಿಮಾಡುವ ‘ಇನಿಟ್‌ಡಿಬಿ’ ಕೆಲಸ ನಾವು ಮಾಡಬೇಕು, ಸರ್ವರ್ ಚಾಲೂ ಮಾಡುವುದನ್ನೂ ನಾವೇ ಮಾಡಬೇಕು. ಅಂದರೆ ಮೂರು ಕೆಲಸಗಳಿಗೆ ನಾನು ಒಂದೇ ಪದದ ಮುಸುಕು ಹಾಕಿದ್ದೆ. ಹುಡುಗಿಯ ತಪ್ಪೇನೂ ಇರಲಿಲ್ಲ, ತಪ್ಪು ನನ್ನ ಟಿಪ್ಪಣಿಯದು.

ಆ ದಿನ ಅವಳಿಗೆ ಬಾಯಿಗೆ ಬಂದಂತೆ ಹೇಳಿದ್ದು ಇಷ್ಟು: “ಕಲ್ಲು ತಂದಾಯ್ತು. ಒಲೆ ಹೂಡಿಲ್ಲ. ಒಲೆ ಹಚ್ಚೋದು ಆಮೇಲೆ.” ತಕ್ಷಣ ತಿಳಿಯಿತು. ಅಂದಿನಿಂದ ‘ಹೂಡು’ ನನ್ನ ತಲೆಯಲ್ಲಿ ಕೂತಿದೆ. ಒಲೆ ಹೂಡುತ್ತೇವೆ, ಬಿಡಾರ ಹೂಡುತ್ತೇವೆ, ಸಂಸಾರ ಹೂಡುತ್ತೇವೆ, ನೇಗಿಲು ಹೂಡುತ್ತೇವೆ. ಎಲ್ಲದರಲ್ಲೂ ಮುಂದೆ ನಡೆಯಬೇಕಾದ ಕೆಲಸಕ್ಕೆ ಬೇಕಾದ್ದನ್ನು ಜೋಡಿಸಿ ನಿಲ್ಲಿಸುವ ಅರ್ಥವಿದೆ. ‘ಸ್ಥಾಪನೆ’ಯಲ್ಲಿ ಅದಿಲ್ಲ, ಸಂಘ ಸ್ಥಾಪನೆ, ಶಾಲೆ ಸ್ಥಾಪನೆ ಎಂದಾಗ ಅದು ಮುಗಿದ ಘಟನೆ. ಇನ್ನೊಂದು ಅನುಕೂಲ, ‘ಹೂಡು’ವಿಗೆ ಎದುರಾದ ಕ್ರಿಯೆಯೂ ನಮ್ಮಲ್ಲಿ ಸಿದ್ಧವಾಗಿದೆ: ಬಿಡಾರ ಹೂಡಿದವರು ಬಿಡಾರ ಕೀಳುತ್ತಾರೆ. ‘ಅನ್‌ಇನ್‌ಸ್ಟಾಲ್’ಗೆ ‘ಅನುಸ್ಥಾಪನೆ ರದ್ದುಗೊಳಿಸು’ ಎಂದು ಮೊಳದುದ್ದ ಬರೆಯಬೇಕಿಲ್ಲ.

ತೊಡಕು ಬರುವುದು ನಾಮಪದದಲ್ಲಿ. ‘ಹೂಡಿಕೆ’ಯನ್ನು ಬಂಡವಾಳದವರು ಪೂರ್ತಿ ವಶಮಾಡಿಕೊಂಡಿದ್ದಾರೆ. ‘ಸರ್ವರ್ ಹೂಡಿಕೆ’ ಎಂದರೆ ಸರ್ವರಿಗೆ ದುಡ್ಡು ಹಾಕುವುದು ಎಂದೇ ಓದಿಕೊಳ್ಳುತ್ತಾರೆ. ‘ಹೂಟ’ ಇದೆ, ಆದರೆ ಅದಕ್ಕೆ ಸಂಚು ಎಂಬ ನೆರಳಿದೆ. ಸದ್ಯಕ್ಕೆ ‘ಹೂಡುವುದು’, ‘ಹೂಡುವ ಬಗೆ’ ಎಂದೇ ಬರೆಯುತ್ತಿದ್ದೇನೆ. ಇದಕ್ಕಿಂತ ಹಗುರವಾದದ್ದು ನಿಮಗೆ ತೋಚಿದರೆ ತಿಳಿಸಿ.

ಇದರ ಜೊತೆಗೇ ‘ಎನೇಬಲ್’ ಎಂಬುದೊಂದಿದೆ. ಅನುವಾದಗಳಲ್ಲಿ ‘ಸಕ್ರಿಯಗೊಳಿಸು’. ಲಿನಕ್ಸ್‌ನಲ್ಲಿ ಇಂಥ ಪ್ರೋಗ್ರಾಮುಗಳನ್ನು ಶುರುಮಾಡಿ ನಿಲ್ಲಿಸುವ ಸಿಸ್ಟಮ್‌ಡಿಯಲ್ಲಿ ಸರ್ವರನ್ನು ಎನೇಬಲ್ ಮಾಡಿದರೆ ಅದು ಆ ಕ್ಷಣಕ್ಕೆ ಶುರುವಾಗುವುದಿಲ್ಲ. ಮುಂದೆ ಯಂತ್ರ ಏಳುವಾಗಲೆಲ್ಲ ಇದನ್ನೂ ಎಬ್ಬಿಸು ಎಂದು ಬರೆದಿಟ್ಟಂತೆ ಮಾತ್ರ. ‘ಸಕ್ರಿಯ’ ಎಂದು ಓದಿದವರು ಈಗಲೇ ನಡೆಯುತ್ತಿದೆ ಎಂದುಕೊಂಡು ಮೋಸಹೋಗುತ್ತಾರೆ. ಮೈಸೂರು ಕಡೆ ಹಾಲು, ಹೂವು ವರ್ತನೆಗೆ ಹಾಕಿಸಿಕೊಳ್ಳುತ್ತಾರಲ್ಲ, ದಿನಾ ಕೇಳದೆಯೇ ಬಾಗಿಲಿಗೆ ಬರುವ ಹಾಗೆ, ಇದು ಸರಿಯಾಗಿ ಅದೇ. ‘ಸರ್ವರನ್ನು ವರ್ತನೆಗೆ ಹಾಕು’ ಎಂದರೆ ಉತ್ತರ ಕರ್ನಾಟಕದವರಿಗೆ ತಿಳಿಯುತ್ತದೆಯೇ? ಅಲ್ಲಿ ‘ವರ್ತನೆ’ ಎಂದರೆ ನಡತೆ ಮಾತ್ರವೇ?

ಇನ್ನು ಸರ್ವರ್. ಪದಪಟ್ಟಿಗಳಲ್ಲಿ ಪರಿಚಾರಕ, ಸೇವಕ ಎಂದೆಲ್ಲ ಇದೆ. ಕೆಲಸ ಮಾಡುವವರೆಲ್ಲ ಸರ್ವರ್ ಅನ್ನುತ್ತಾರೆ, ನಾನೂ ಅನ್ನುತ್ತೇನೆ, ಆ ಪದವನ್ನು ಓಡಿಸಬೇಕೆಂಬ ಹಟ ನನಗಿಲ್ಲ. ಆದರೆ ಮಕ್ಕಳಿಗೆ ಸರ್ವರ್ ಎಂದರೆ ಎಲ್ಲೋ ತಣ್ಣನೆಯ ಕೋಣೆಯಲ್ಲಿರುವ ದೊಡ್ಡ ಪೆಟ್ಟಿಗೆ. ತಮ್ಮದೇ ಲ್ಯಾಪ್‌ಟಾಪಿನಲ್ಲಿ ಕಾದು ಕೂತಿರುವ ಒಂದು ಪ್ರೋಗ್ರಾಮೂ ಸರ್ವರ್ ಎಂದು ಅವರಿಗೆ ಒಪ್ಪಿಸುವುದು ಕಷ್ಟ. ‘ಡೇಟಾಬೇಸ್ ಹಾಕಿದೆ’ ಎಂದು ಹೇಳುವಾಗ ತಾವು ಹಾಕಿದ್ದು ಮಾಹಿತಿಯನ್ನಲ್ಲ, ಮಾಹಿತಿ ಕಾಯುವವನನ್ನು ಎಂಬುದೂ ಅವರ ಗಮನಕ್ಕೆ ಬರುವುದಿಲ್ಲ.

ನಮ್ಮ ಶಿರಸಿ ಕಡೆ ಮದುವೆ ಮನೆಯಲ್ಲಿ ಉಗ್ರಾಣ ಎಂದು ಒಂದು ಕೋಣೆ ಮಾಡುತ್ತಾರೆ. ಬೆಲ್ಲ, ಬೇಳೆ, ತೆಂಗಿನಕಾಯಿ, ತುಪ್ಪ ಎಲ್ಲ ಅಲ್ಲಿ. ಬಾಗಿಲಲ್ಲಿ ಜವಾಬ್ದಾರಿಯ ಒಬ್ಬರು ಕೂತಿರುತ್ತಾರೆ. ಅಡಿಗೆಯವರು ಎಷ್ಟೇ ಅವಸರದಲ್ಲಿದ್ದರೂ ತಾವೇ ಒಳಗೆ ನುಗ್ಗುವ ಹಾಗಿಲ್ಲ. ‘ಎರಡು ಕೇಜಿ ಬೆಲ್ಲ’ ಎಂದು ಕೇಳಬೇಕು, ಅವರು ಚೀಟಿಯಲ್ಲಿ ಬರೆದು ತೂಗಿ ಕೊಡಬೇಕು. ಪೋಸ್ಟ್‌ಗ್ರೆಸ್ ಮಾಡುವುದೂ ಇದನ್ನೇ. ಮಾಹಿತಿಯ ಡೈರೆಕ್ಟರಿಯನ್ನು ‘ಪೋಸ್ಟ್‌ಗ್ರೆಸ್’ ಎಂಬ ಬಳಕೆದಾರನ ಹೆಸರಿಗೆ ಬಿಟ್ಟು, ಉಳಿದ ಮಾಮೂಲಿ ಬಳಕೆದಾರರು ಇಣುಕದಂತೆ ಮುಚ್ಚಿರುತ್ತಾರೆ. ಕೇಳುವವರು 5432ನೇ ಪೋರ್ಟಿನ ಬಾಗಿಲಲ್ಲೋ ಯಂತ್ರದೊಳಗಿನ ಸಾಕೆಟ್ಟಿನಲ್ಲೋ ನಿಂತು ಕೇಳಬೇಕು. ಬದಲಾವಣೆಯನ್ನು ಅದು ಮೊದಲು ದಾಖಲೆಪುಸ್ತಕದಲ್ಲಿ ಬರೆದುಕೊಂಡು ಆಮೇಲೆ ಕಡತಕ್ಕೆ ಹಾಕುತ್ತದೆ, ನಡುವೆ ಕರೆಂಟು ಹೋದರೂ ಲೆಕ್ಕ ಸಿಗಲಿ ಎಂದು. ಹಾಗಾದರೆ ಡೇಟಾಬೇಸ್ ಉಗ್ರಾಣ, ಸರ್ವರ್ ಉಗ್ರಾಣಿ. ಎರಡು ಪದಗಳ ನಡುವಿನ ವ್ಯತ್ಯಾಸ ಒಂದು ಇಕಾರದಲ್ಲಿ ಸ್ಪಷ್ಟವಾಗುತ್ತದೆ, ಇದು ನನಗೆ ತುಂಬ ಹಿಡಿಸಿದೆ.

ಆದರೆ ಒಂದು ಅಳುಕು. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಉಗ್ರಾಣಿ ಎಂದರೆ ಪಟೇಲರ, ಶಾನುಭೋಗರ ಕೈಕೆಳಗೆ ಓಡಾಡಿಕೊಂಡಿದ್ದ ಗ್ರಾಮದ ಸಿಪಾಯಿ. ಅಲ್ಲಿನ ಮಕ್ಕಳ ಮನಸ್ಸಿಗೆ ಇಂದು ಯಾವ ಚಿತ್ರ ಬರುತ್ತದೆ? ಹಳೆಯ ಚಾಕರಿಯ ನೆನಪು ಇನ್ನೂ ಅಂಟಿದ್ದರೆ ನಾನು ಈ ಪದ ಬಿಡಲು ಸಿದ್ಧ.

ಕೊನೆಯದಾಗಿ ‘ರಿಲೇಷನಲ್ ಡೇಟಾಬೇಸ್’ನಲ್ಲಿರುವ ‘ರಿಲೇಷನಲ್’. ‘ಸಂಬಂಧಾತ್ಮಕ ದತ್ತಸಂಚಯ’ ಎಂದು ಬರೆದಾಗಲೆಲ್ಲ ಮಕ್ಕಳು ಕೋಷ್ಟಕ ಕೋಷ್ಟಕಗಳ ನಡುವಿನ ನಂಟು ಎಂದೇ ತಿಳಿಯುತ್ತಾರೆ. ಇಂಗ್ಲಿಷಿನಲ್ಲಿ ಓದಿದವರೂ ಹಾಗೆ ತಿಳಿದದ್ದುಂಟು. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಈ ಮಾದರಿಯನ್ನು ಮುಂದಿಟ್ಟಾಗ ‘ರಿಲೇಷನ್’ ಎಂಬುದನ್ನು ಗಣಿತದಿಂದ, ಗಣಗಳ ಪಾಠದಿಂದ ತೆಗೆದುಕೊಂಡಿದ್ದರು. ಅದು ಕೋಷ್ಟಕವೇ. ಒಂಟಿ ಕೋಷ್ಟಕವಿದ್ದರೂ ಅದು ರಿಲೇಷನ್. ಪೋಸ್ಟ್‌ಗ್ರೆಸ್ ಕೂಡ ಕೇಳಿದ ಕೋಷ್ಟಕ ಸಿಗದಿದ್ದರೆ ಆ ಹೆಸರಿನ ‘ರಿಲೇಷನ್’ ಇಲ್ಲ ಎಂದೇ ಹೇಳುತ್ತದೆ. ನನ್ನ ಟಿಪ್ಪಣಿಯಲ್ಲಿ ಅದನ್ನು ‘ಸಂಬಂಧ ಅಸ್ತಿತ್ವದಲ್ಲಿಲ್ಲ’ ಎಂದು ಮಾಡಿದ್ದೆ. ಒಬ್ಬ ಹುಡುಗ ಕೋಷ್ಟಕದ ಹೆಸರಿನಲ್ಲಿ ಒಂದು ಅಕ್ಷರ ತಪ್ಪು ಒತ್ತಿ, ಇಲ್ಲದ ಸಂಬಂಧವನ್ನು ಬೇರೆ ಕೋಷ್ಟಕಗಳಲ್ಲಿ ಅರ್ಧ ಗಂಟೆ ಹುಡುಕಿದ. ‘ಕೋಷ್ಟಕ ಉಗ್ರಾಣ’ ಎಂದುಬಿಟ್ಟರೆ ಹೇಗೆ? ಗಣಿತ ಬಲ್ಲವರು ಹೇಳಿ, ‘ಸಂಬಂಧ’ವನ್ನು ಕೈಬಿಟ್ಟರೆ ಮುಂದೆ ಓದುವಾಗ ಏನಾದರೂ ತೊಡಕಾಗುತ್ತದೆಯೇ?

ತಿದ್ದಿದ ಸಾಲುಗಳು ಈಗ ಹೀಗಿವೆ: “ಫೆಡೋರಾದಲ್ಲಿ ಮೊದಲು ಪ್ಯಾಕೇಜು ತರಿಸಿಕೊಳ್ಳಿ. ಆಮೇಲೆ ಉಗ್ರಾಣ ಹೂಡಿ. ಉಗ್ರಾಣಿಯನ್ನು ಎಬ್ಬಿಸಿ, ವರ್ತನೆಗೂ ಹಾಕಿ. ಡೆಬಿಯನ್‌ನಲ್ಲಾದರೆ ಈ ನಾಲ್ಕೂ ಒಂದೇ ಆಜ್ಞೆಗೆ ಆಗುತ್ತವೆ.” ಓದಿದಾಗ ನಿಮ್ಮ ಕಡೆಯ ಕಿವಿಗೆ ಎಲ್ಲಿ ಎಡವುತ್ತದೆ ಎಂದು ತಿಳಿಸಿ. ಮುಖ್ಯವಾಗಿ ಕರಾವಳಿಯವರು ‘ಉಗ್ರಾಣಿ’ಯ ಬಗ್ಗೆ, ಧಾರವಾಡ, ಕಲಬುರಗಿ ಕಡೆಯವರು ‘ವರ್ತನೆ’ಯ ಬಗ್ಗೆ ಬರೆಯಿರಿ.